ಅಪ್ಪನ ಫೋನು, ಮಗನ ಆಟ: ವಯಸ್ಸು ಯಾರದು?

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಾವುದೇ ಹಳ್ಳಿಗೆ ಹೋಗಿ, ಹೈಸ್ಕೂಲ್ ಹುಡುಗನ ಕೈಯಲ್ಲಿರುವ ಫೋನು ಯಾರದು ಎಂದು ಕೇಳಿ. ‘ನಮ್ಮಪ್ಪಂದು’ ಅನ್ನುತ್ತಾನೆ, ಇಲ್ಲವೇ ‘ನಮ್ಮಣ್ಣಂದು’. ಸಿಮ್ ಅಪ್ಪನ ಆಧಾರ್ ಮೇಲೆ ತೆಗೆದದ್ದು. ಜಿಮೇಲ್ ಖಾತೆ ಮಾಡಿಕೊಟ್ಟವನು ಮೊಬೈಲ್ ಅಂಗಡಿಯವನು. ಬೆಳಗ್ಗೆ ಅದೇ ಫೋನಿನಲ್ಲಿ ಅಪ್ಪ ಹೆಸರುಕಾಳಿನ ಧಾರಣಿ ನೋಡುತ್ತಾನೆ, ಮಧ್ಯಾಹ್ನ ಅವ್ವ ಸ್ವಸಹಾಯ ಸಂಘದ ವಾಟ್ಸ್‌ಆ್ಯಪ್ ಸಂದೇಶ ಕೇಳುತ್ತಾಳೆ, ಸಂಜೆ ಮಗ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಾನೆ. ಪ್ಲೇ ಸ್ಟೋರಿನ ಲೆಕ್ಕದಲ್ಲಿ ಈ ಮೂವರೂ ಒಬ್ಬರೇ: ನಲವತ್ತು ದಾಟಿದ ಒಬ್ಬ ರೈತ.

ಪ್ರತಿ ಗೇಮಿನ ಪುಟದಲ್ಲೂ ಹೆಸರಿನ ಕೆಳಗೆ ಸಣ್ಣದೊಂದು ಅಂಕಿ ಇರುತ್ತದೆ. 3+, 7+, 12+, 16+, 18+. ಈ ಆಟ ಎಷ್ಟು ವಯಸ್ಸಿನ ಮೇಲಿನವರಿಗೆ ತಕ್ಕದ್ದು ಎಂದು ಹೇಳುವ ಏಜ್ ರೇಟಿಂಗ್ ಅದು. ಅಂಕಿ ಪಾಲಕರಿಗಾಗಿ ಹಾಕಿದ್ದು. ಆದರೆ ಕುಂದಗೋಳದಲ್ಲಿ ಮೆಣಸಿನಕಾಯಿ ಬಿಡಿಸಲು ಹೋದ ತಾಯಿಯಾಗಲಿ, ಅಣ್ಣಿಗೇರಿಯಲ್ಲಿ ಕಡಲೆ ಕೀಳುವ ತಂದೆಯಾಗಲಿ ಅದನ್ನು ನೋಡುವುದಿಲ್ಲ. ನೋಡಿದರೂ ಅದು ಯಾವುದರ ಅಂಕಿ, ಯಾರು ಕೊಟ್ಟದ್ದು, ಮೀರಿದರೆ ಏನಾಗುತ್ತದೆ ಎಂಬುದನ್ನು ಅಲ್ಲಿ ಅವರಿಗೆ ತಿಳಿಯುವಂತೆ ಬರೆದಿಲ್ಲ.

ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2024ರ ವರದಿ ಪ್ರಕಾರ, 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ಶೇ 57ರಷ್ಟು ಮಂದಿ ಸಮೀಕ್ಷೆಯ ಹಿಂದಿನ ವಾರ ಓದಿಗಾಗಿ ಫೋನು ಬಳಸಿದ್ದರೆ, ಶೇ 76ರಷ್ಟು ಮಂದಿ ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದ್ದರು. ಫೋನು ಮಕ್ಕಳ ಕೈ ಸೇರಿದ್ದಾಗಿದೆ. ಹಾಗಾದರೆ ಕಾವಲಿಗೆಂದು ಇಟ್ಟ ಅಂಕಿ ಕೆಲಸ ಮಾಡುತ್ತಿದೆಯೇ? ಇಲ್ಲ. ಅದು ಬದಲಾಗಬೇಕು. ಎಲ್ಲಿ, ಹೇಗೆ ಬದಲಾಗಬೇಕು ಎಂಬುದು ಈ ಲೇಖನದ ಮಾತು.

ಅಂಕಿ ಬಂದದ್ದು ಎಲ್ಲಿಂದ?

ಕಥೆ ಶುರುವಾಗುವುದು ಅಮೆರಿಕದಲ್ಲಿ. 1993ರ ಡಿಸೆಂಬರ್‌ನಲ್ಲಿ ಅಲ್ಲಿನ ಸೆನೆಟ್ ವಿಡಿಯೊ ಗೇಮ್‌ಗಳ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿತು. ಸೆನೆಟರ್‌ಗಳಾದ ಜೋ ಲೀಬರ್‌ಮನ್ ಮತ್ತು ಹರ್ಬ್ ಕೋಲ್ ಮುಂದೆ ನಿಂತಿದ್ದರು. ‘ಮಾರ್ಟಲ್ ಕಾಂಬ್ಯಾಟ್’, ‘ನೈಟ್ ಟ್ರ್ಯಾಪ್’ ಎಂಬ ಆಟಗಳ ರಕ್ತಪಾತ ಚರ್ಚೆಯ ಕೇಂದ್ರವಾಗಿತ್ತು. ನೀವಾಗಿಯೇ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ನಾವು ಕಾನೂನು ಮಾಡುತ್ತೇವೆ ಎಂಬ ಒತ್ತಡ ಬಂದಾಗ, ಉದ್ಯಮವೇ 1994ರಲ್ಲಿ ಇಎಸ್‌ಆರ್‌ಬಿ ಎಂಬ ರೇಟಿಂಗ್ ಮಂಡಳಿ ಕಟ್ಟಿಕೊಂಡಿತು. ಜಪಾನಿಗೆ 2002ರಲ್ಲಿ ಸೆರೊ ಬಂತು. ಯುರೋಪಿನ ಬಹುಪಾಲು ದೇಶಗಳು 2003ರಲ್ಲಿ ಪೆಗಿ ಎಂಬ ಒಂದೇ ಪದ್ಧತಿಗೆ ಒಪ್ಪಿದವು. 3, 7, 12, 16, 18 ಎಂಬ ಮೆಟ್ಟಿಲುಗಳು ಅಲ್ಲಿಂದ ಬಂದವು.

ಆಗ ಆಟ ಎಂದರೆ ಡಬ್ಬಿಯಲ್ಲಿ ಬರುವ ಸಿ.ಡಿ ಅಥವಾ ಕ್ಯಾಸೆಟ್ಟು. ಮಂಡಳಿಯವರು ಆಟದ ದೃಶ್ಯಗಳನ್ನು ನೋಡಿ, ಡಬ್ಬಿಯ ಮೇಲೆ ಗುರುತು ಅಂಟಿಸುತ್ತಿದ್ದರು. ಅಂಗಡಿಯವನು ಗಿರಾಕಿಯ ಮುಖ ನೋಡಿ ಕೊಡಬೇಕೋ ಬೇಡವೋ ತೀರ್ಮಾನಿಸಬಹುದಿತ್ತು. ಮೊಬೈಲ್ ಬಂದ ಮೇಲೆ ಅಂಗಡಿಯವನೂ ಇಲ್ಲ, ಡಬ್ಬಿಯೂ ಇಲ್ಲ. ದಿನವೂ ರಾಶಿ ರಾಶಿ ಆಟಗಳು ಬಂದು ಬೀಳುವಾಗ ಒಂದೊಂದನ್ನೂ ಕುಳಿತು ನೋಡುವವರು ಯಾರು? ಅದಕ್ಕಾಗಿ 2013ರಲ್ಲಿ ಹಲವು ದೇಶಗಳ ರೇಟಿಂಗ್ ಸಂಸ್ಥೆಗಳು ಸೇರಿ ಐಎಆರ್‌ಸಿ ಎಂಬ ಒಕ್ಕೂಟ ಮಾಡಿದವು. 2015ರಲ್ಲಿ ಗೂಗಲ್ ಪ್ಲೇ ಅದನ್ನು ಒಪ್ಪಿಕೊಂಡಿತು.

ಅದು ನಡೆಯುವುದು ಹೀಗೆ. ಆಟ ಮಾಡಿದ ಕಂಪನಿ ಆನ್‌ಲೈನ್‌ನಲ್ಲಿ ಒಂದು ಪ್ರಶ್ನಾವಳಿ ತುಂಬುತ್ತದೆ. ಹಿಂಸೆ ಇದೆಯೇ, ರಕ್ತ ಕಾಣುತ್ತದೆಯೇ, ಲೈಂಗಿಕ ದೃಶ್ಯವಿದೆಯೇ, ಬೈಗುಳ, ಮಾದಕವಸ್ತು, ಜೂಜಿನ ಚಿತ್ರಣವಿದೆಯೇ? ಉತ್ತರ ಕೊಟ್ಟ ಕೂಡಲೇ ಕಂಪ್ಯೂಟರು ದೇಶದೇಶಕ್ಕೆ ಬೇರೆ ಬೇರೆ ಅಂಕಿ ಕೊಡುತ್ತದೆ. ಜರ್ಮನಿಗೆ ಅಲ್ಲಿನ ಮಂಡಳಿಯದ್ದು, ಅಮೆರಿಕಕ್ಕೆ ಅಲ್ಲಿನದ್ದು, ಬ್ರೆಜಿಲ್‌ಗೆ ಅಲ್ಲಿನದ್ದು. ಭಾರತದಂತೆ ಸ್ವಂತ ಮಂಡಳಿ ಇಲ್ಲದ ದೇಶಗಳಿಗೆ ಒಂದು ಸಾಮಾನ್ಯ ಅಂಕಿ. ಕಲಘಟಗಿಯ ಹುಡುಗನ ಫೋನಿನಲ್ಲಿ ಕಾಣುವ ಅಂಕಿ ಇದೇ. ಅದನ್ನು ಕೊಟ್ಟವರಲ್ಲಿ ಭಾರತದ ಯಾವ ಸಂಸ್ಥೆಯೂ ಇಲ್ಲ.

ಸಿನಿಮಾಕ್ಕೆ ಉಂಟು, ಆಟಿಕೆಗೆ ಉಂಟು

ಮಕ್ಕಳ ವಯಸ್ಸು ನೋಡಿ ಗೆರೆ ಎಳೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರತಿ ಚಿತ್ರಕ್ಕೂ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯಿಂದ ‘ಯು/ಎ’ ವರ್ಗವನ್ನೇ 7+, 13+, 16+ ಎಂದು ಮೂರಾಗಿ ಒಡೆಯಲಾಗಿದೆ. ಮನೆಯಲ್ಲಿ ನೋಡುವ ಒಟಿಟಿ ಸರಣಿಗಳಿಗೂ 2021ರ ಐ.ಟಿ ನಿಯಮಗಳು ಇಂಥದ್ದೇ ವರ್ಗೀಕರಣ ಕಡ್ಡಾಯ ಮಾಡಿವೆ.

ಆಟಿಕೆಗಳಿಗೂ ಕಾನೂನಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಕಾರಿನ ಬಣ್ಣದಲ್ಲಿ ಸೀಸ ಎಷ್ಟಿದೆ, ಅದರ ಚೂರು ಮಗುವಿನ ಗಂಟಲಿಗೆ ಸಿಕ್ಕಬಹುದೇ ಎಂದು ಪರೀಕ್ಷೆ ಆಗಲೇಬೇಕು. ಆದರೆ ಅದೇ ಮಗು ದಿನಕ್ಕೆ ಮೂರು ತಾಸು ಆಡುವ ಮೊಬೈಲ್ ಗೇಮನ್ನು ನೋಡಿ, ತೂಗಿ, ಗುರುತು ಹಾಕುವ ಒಂದು ಕಚೇರಿಯೂ 2025ರವರೆಗೆ ದೇಶದಲ್ಲಿ ಇರಲಿಲ್ಲ.

ಪರಿಣಾಮವಾಗಿ ಒಂದೇ ಮನೆಯಲ್ಲಿ ಮೂರು ಬಗೆಯ ಮೆಟ್ಟಿಲುಗಳಿವೆ. ಸಿನಿಮಾಕ್ಕೆ 7, 13, 16. ಆ್ಯಂಡ್ರಾಯ್ಡ್ ಗೇಮಿಗೆ 3, 7, 12, 16, 18. ಆ್ಯಪಲ್ ಕಂಪನಿಯ ಫೋನಾದರೆ, 2025ರಲ್ಲಿ ಅದು ಬದಲಿಸಿಕೊಂಡಂತೆ 4, 9, 13, 16, 18. ಹದಿಮೂರರ ಮಗನಿಗೆ ಯಾವುದು ಸರಿ ಎಂದು ತಿಳಿಯಲು ಪೇಟೆಯ ಓದಿದ ತಂದೆಗೂ ಕಷ್ಟ. ಎರಿ ಹೊಲದಲ್ಲಿ ದುಡಿದು ಬಂದವರಿಗೆ ಇದನ್ನು ಒಪ್ಪಿಸಿ ಪಾಲಕರಿಗೆ ಮಾಹಿತಿ ಕೊಟ್ಟಿದ್ದೇವೆ ಎನ್ನುವುದು ನ್ಯಾಯವಲ್ಲ.

ನಿಷೇಧದ ದಾರಿ ಎಲ್ಲಿಗೆ ಮುಟ್ಟಿತು?

ರೇಟಿಂಗ್ ಇಲ್ಲದ ಜಾಗದಲ್ಲಿ ನಾವು ಹಿಡಿದದ್ದು ನಿಷೇಧದ ದಾರಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಆಟವೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಕೋವಿಡ್‌ನಿಂದಾಗಿ ಆಗ ಶಾಲೆಗಳು ಮುಚ್ಚಿದ್ದವು. ಆನ್‌ಲೈನ್ ಪಾಠಕ್ಕೆಂದು ಸಾಲ ಮಾಡಿಯಾದರೂ ಫೋನು ಕೊಂಡ ಮನೆಗಳು ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಕಡಿಮೆಯೇನಲ್ಲ. ಪಬ್ಜಿ ಹೋದದ್ದೇ ತಡ, ಕಡಿಮೆ ಬೆಲೆಯ ಫೋನಿನಲ್ಲೂ ಸಲೀಸಾಗಿ ಓಡುವ ಫ್ರೀ ಫೈರ್ ಆ ಜಾಗಕ್ಕೆ ಬಂತು. 2022ರ ಫೆಬ್ರುವರಿ 14ರಂದು ಅದನ್ನೂ ಸೇರಿಸಿ 54 ಆ್ಯಪ್‌ಗಳ ನಿಷೇಧದ ಸುದ್ದಿ ಬಂತು. ಅದರ ಜೋಡಿ ಆಟವಾದ ಫ್ರೀ ಫೈರ್ ಮ್ಯಾಕ್ಸ್ ಮಾತ್ರ ಉಳಿಯಿತು. ಹುಡುಗರು ಅದಕ್ಕೆ ದಾಟಿಕೊಂಡರು.

ಪಬ್ಜಿಯ ಭಾರತೀಯ ರೂಪವಾದ ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಅಂಗಡಿಯಿಂದ ಕೆಳಗಿಳಿಯಿತು, 2023ರ ಮೇ ತಿಂಗಳಲ್ಲಿ ಷರತ್ತುಗಳೊಡನೆ ಮರಳಿತು. 18 ವರ್ಷದೊಳಗಿನವರಿಗೆ ದಿನಕ್ಕೆ 3 ತಾಸು, ಉಳಿದವರಿಗೆ 6 ತಾಸು ಎಂಬುದು ಆ ಷರತ್ತುಗಳಲ್ಲೊಂದು. ಈ ನಿಷೇಧಗಳಿಗೆ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ದತ್ತಾಂಶದ ಸುರಕ್ಷೆ. ಆಟ ಮಗುವಿನ ವಯಸ್ಸಿಗೆ ತಕ್ಕದ್ದೇ ಎಂಬ ಪ್ರಶ್ನೆ ಕೇಳಿ ಕೈಗೊಂಡ ಕ್ರಮಗಳಲ್ಲ ಇವು.

ರಾಜ್ಯದ ಕಥೆಯೂ ಹೀಗೇ. ಪಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದು 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಎಂದು ಕಂಡದ್ದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಒಂದೇ ದಿನ, ದೆಹಲಿಯಿಂದ ಒಂದು ನಿಷೇಧದ ಸುದ್ದಿ ಬಂದರೆ ಬೆಂಗಳೂರಿನಲ್ಲಿ ಇನ್ನೊಂದು ನಿಷೇಧ ಬಿದ್ದುಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿ, ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಅದರ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಆನ್‌ಲೈನ್ ರಮ್ಮಿಯಲ್ಲಿ ಹೊಲ-ಮನೆ ಕಳೆದುಕೊಂಡವರ ಸಂಕಟ ಬಲ್ಲವರು ಆ ಕಾಯ್ದೆಯ ಉದ್ದೇಶವನ್ನು ಒಪ್ಪುತ್ತಾರೆ. ಆದರೆ ಹದಿಮೂರರ ಹುಡುಗ ಆಡುವ ಬಂದೂಕಿನ ಆಟ ಹಣದ ಆಟವಲ್ಲ. ಆ ಆಟ ಅವನ ವಯಸ್ಸಿಗೆ ತಕ್ಕದ್ದೇ ಎಂಬ ಪ್ರಶ್ನೆಗೆ ಆ ನಿಷೇಧದಲ್ಲಿ ಉತ್ತರವಿಲ್ಲ.

ನಮ್ಮ ಪಕ್ಕದ ಬೆಳಗಾವಿಯ ಒಂದು ಘಟನೆಯನ್ನು ಈ ಚರ್ಚೆಯಲ್ಲಿ ಎಲ್ಲರೂ ನೆನೆಯುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಕಾಕತಿಯಲ್ಲಿ ಯುವಕನೊಬ್ಬ ತಂದೆಯನ್ನೇ ಕೊಂದ. ಪಬ್ಜಿ ಆಡಲು ಅಡ್ಡಿ ಮಾಡಿದ್ದೇ ಕಾರಣವೆಂದು ವರದಿಯಾಯಿತು. ಅವನ ವಯಸ್ಸು 21. ಯಾವ ಏಜ್ ರೇಟಿಂಗೂ ಅವನನ್ನು ತಡೆಯುತ್ತಿರಲಿಲ್ಲ. ಅಂಥ ಮನಸ್ಸಿಗೆ ಬೇಕಾದದ್ದು ಸಕಾಲದ ಚಿಕಿತ್ಸೆ. ಎದೆ ನಡುಗಿಸುವ ಒಂದು ಘಟನೆಯನ್ನು ಮುಂದಿಟ್ಟುಕೊಂಡು ಲಕ್ಷಾಂತರ ಮಕ್ಕಳ ದಿನನಿತ್ಯದ ಆಟಕ್ಕೆ ನಿಯಮ ಬರೆದರೆ ಮಕ್ಕಳಿಗೂ ಉಪಯೋಗವಿಲ್ಲ, ಆ ಕುಟುಂಬದ ದುಃಖಕ್ಕೂ ಗೌರವವಿಲ್ಲ.

ರಕ್ತ ಕಾಣುತ್ತದೆ, ದುಡ್ಡು ಕಾಣುವುದಿಲ್ಲ

ಈಗಿನ ರೇಟಿಂಗಿನ ದೊಡ್ಡ ಕೊರತೆ ಇಲ್ಲಿದೆ. 1993ರಲ್ಲಿ ಚಿಂತೆ ರಕ್ತದ್ದಾಗಿತ್ತು. ಅಂಕಿಯ ಲೆಕ್ಕ ಇಂದಿಗೂ ಬಹುಮಟ್ಟಿಗೆ ರಕ್ತದ್ದೇ. ‘ಆ್ಯಪ್‌ನೊಳಗೆ ಖರೀದಿ ಇದೆ’, ‘ಬಳಕೆದಾರರು ಪರಸ್ಪರ ಮಾತಾಡಬಹುದು’ ಎಂಬ ಸಾಲುಗಳು ಬದಿಯಲ್ಲಿ ಬರುತ್ತವೆ ನಿಜ. ಆದರೆ ಅವು ಬರಿಯ ಸೂಚನೆಗಳು. 7+ ಅನ್ನು 12+ ಮಾಡುವ ಶಕ್ತಿ ಅವಕ್ಕಿಲ್ಲ.

ಹಳ್ಳಿಯ ಮಕ್ಕಳ ಮಾತು ಕೇಳಿದರೆ ಅವರ ಆಸೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಫ್ರೀ ಫೈರ್‌ನಲ್ಲಿ ‘ಡೈಮಂಡ್’, ಬಿಜಿಎಂಐನಲ್ಲಿ ‘ಯುಸಿ’. ದುಡ್ಡು ಕೊಟ್ಟು ಟಾಪ್-ಅಪ್ ಮಾಡಿಸಿಕೊಂಡರೆ ಬಂದೂಕಿಗೆ ಹೊಸ ‘ಸ್ಕಿನ್’, ಆಟಗಾರನಿಗೆ ಹೊಸ ಅಂಗಿ. ಕೆಲವನ್ನು ನೇರ ಕೊಳ್ಳುವಂತಿಲ್ಲ. ಪೆಟ್ಟಿಗೆ ಕೊಂಡು ತೆರೆಯಬೇಕು, ಬೇಕಾದದ್ದು ಬಂದರೆ ಬಂತು, ಇಲ್ಲದಿದ್ದರೆ ಮತ್ತೊಂದು ಪೆಟ್ಟಿಗೆ. ಲೂಟ್ ಬಾಕ್ಸ್ ಎನ್ನುವುದು ಇದಕ್ಕೇ. ಒಳಗೆ ನಡೆಯುವುದು ಅದೃಷ್ಟ ಪರೀಕ್ಷೆ. ಗೆದ್ದದ್ದನ್ನು ರೊಕ್ಕ ಮಾಡಿಕೊಳ್ಳುವ ನಿರೀಕ್ಷೆ ಇಲ್ಲದಿರುವುದರಿಂದ ಹಣದ ಆಟದ ವ್ಯಾಖ್ಯೆಗೆ ಅದು ಸುಲಭವಾಗಿ ಸಿಗುವುದಿಲ್ಲ.

ಬಿಜಿಎಂಐ 2021ರಲ್ಲಿ ಬಂದಾಗ 18ರೊಳಗಿನವರ ಖರ್ಚಿಗೆ ಕಂಪನಿ ಒಂದು ಮಿತಿ ಹೇಳಿತು: ದಿನಕ್ಕೆ 7,000 ರೂಪಾಯಿ. ಆ ಮೊತ್ತವನ್ನು ನಮ್ಮ ಊರಿನ ಲೆಕ್ಕದಲ್ಲಿ ನೋಡೋಣ. 2025–26ರಲ್ಲಿ ಉದ್ಯೋಗ ಖಾತರಿಯಡಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಮಕ್ಕಳ ರಕ್ಷಣೆಗೆಂದು ಹಾಕಿದ ಒಂದು ದಿನದ ಮಿತಿ ಅವ್ವನ ಹತ್ತೊಂಬತ್ತು ದಿನದ ಕೂಲಿಗೆ ಸಮ. ಮಗನಿಗೆ ಯುಪಿಐ ಪಿನ್ ಗೊತ್ತು, ಏಕೆಂದರೆ ಅಪ್ಪನ ಪರವಾಗಿ ಗೊಬ್ಬರದ ಅಂಗಡಿಗೆ ದುಡ್ಡು ಹಾಕುವವನು ಅವನೇ. ಭಾರತೀಯ ಕರಾರು ಕಾಯ್ದೆಯಡಿ 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ. ಆದರೆ ಖಾತೆ ಅಪ್ಪನದು, ಪಿನ್ ಅಪ್ಪನದು. ಕೊಂಡದ್ದು ಮಗ ಎಂದು ಸಾಬೀತು ಮಾಡುವುದು ಹೇಗೆ?

ಇನ್ನೊಂದು ಅಪಾಯ ಧ್ವನಿಯದು. ಸ್ಕ್ವಾಡ್‌ನಲ್ಲಿ, ಅಂದರೆ ತಂಡ ಕಟ್ಟಿಕೊಂಡು ಆಡುವಾಗ ಮೈಕ್ ತೆರೆದಿರುತ್ತದೆ. ಆ ಕಡೆ ಇರುವವನು ಪಕ್ಕದ ಊರಿನ ಹುಡುಗನೋ, ಮೂವತ್ತು ದಾಟಿದ ಅಪರಿಚಿತನೋ ತಿಳಿಯದು. ರೇಟಿಂಗ್ ನೋಡುವುದು ಕಂಪನಿ ಬರೆದಿಟ್ಟ ದೃಶ್ಯವನ್ನು. ಆಟದೊಳಗೆ ಬಂದು ಸೇರುವ ಮನುಷ್ಯರನ್ನು ಅದು ನೋಡಲಾರದು.

ಹೊತ್ತಿನ ಪ್ರಶ್ನೆಯೂ ಇದೆ. ‘ಯವ್ವಾ, ಇದೊಂದ ಮ್ಯಾಚ್ ಮುಗಸಿ ಕೊಡ್ತೇನಿ’ ಎಂಬ ಮಾತು ಕೇಳದ ಮನೆ ಇಲ್ಲ. ದಿನಾ ಬಂದರೆ ಬಹುಮಾನ, ತಪ್ಪಿಸಿದರೆ ರ್‍ಯಾಂಕ್ ಇಳಿಕೆ, ಹಬ್ಬಕ್ಕೊಂದು ಸೀಮಿತ ಅವಧಿಯ ಕೊಡುಗೆ. ಬಿಟ್ಟೇಳದಂತೆ ಹೆಣೆದ ಏರ್ಪಾಡು ಇದು. ಆಟದ ಮೇಲೆ ಹಿಡಿತ ತಪ್ಪಿ, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿ, ಹಾನಿ ಕಂಡರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಎಂದು ತನ್ನ ರೋಗಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಆಡುವವರಲ್ಲಿ ಈ ಸ್ಥಿತಿಗೆ ಹೋಗುವವರು ಕೆಲವರು ಮಾತ್ರ ಎಂಬುದನ್ನೂ ಹೇಳಬೇಕು.

ಜಗತ್ತಿನ ಕೆಲವು ದೇಶಗಳು ಅಳತೆಯನ್ನು ತಿದ್ದಿಕೊಂಡಿವೆ. ಬೆಲ್ಜಿಯಂ 2018ರಲ್ಲೇ ದುಡ್ಡಿನ ಲೂಟ್ ಬಾಕ್ಸ್ ಜೂಜೇ ಎಂದಿತು. ಜರ್ಮನಿಯ ಯುಎಸ್‌ಕೆ ಮಂಡಳಿ 2023ರಿಂದ ಖರೀದಿಯ ಒತ್ತಡ, ಲೂಟ್ ಬಾಕ್ಸ್, ಚಾಟ್ ಇವನ್ನೂ ತೂಗಿ ಅಂಕಿ ಕೊಡುತ್ತಿದೆ. ಹಿಂದೆ ಎಲ್ಲ ವಯಸ್ಸಿನವರಿಗೂ ಸರಿ ಎನಿಸಿಕೊಂಡಿದ್ದ ಇ.ಎ ಕಂಪನಿಯ ಫುಟ್‌ಬಾಲ್ ಆಟಕ್ಕೆ ಆ ವರ್ಷದ ಆವೃತ್ತಿಯಲ್ಲಿ 12 ಎಂಬ ಗುರುತು ಬಿತ್ತು. ಅದರಲ್ಲಿ ಹನಿ ರಕ್ತವಿಲ್ಲ. ಆಸ್ಟ್ರೇಲಿಯಾ 2024ರ ಸೆಪ್ಟೆಂಬರ್‌ನಿಂದ ದುಡ್ಡಿನ ಲೂಟ್ ಬಾಕ್ಸ್ ಇರುವ ಹೊಸ ಆಟಗಳನ್ನು 15 ತುಂಬದವರಿಗೆ ತಕ್ಕದ್ದಲ್ಲವೆಂದು ಗುರುತಿಸುತ್ತಿದೆ. ಜೂಜನ್ನು ಅನುಕರಿಸುವ ಆಟಗಳು ಅಲ್ಲಿ 18ರ ಮೇಲಿನವರಿಗೆ ಮಾತ್ರ.

ಹಳ್ಳಿಗೆ ಹೊಂದದ ಅಳತೆ

ಆ ದೇಶಗಳ ಅಂಕಿಯನ್ನು ಹಾಗೇ ತಂದರೂ ಸಾಲದು. ಏಜ್ ರೇಟಿಂಗ್ ಎಂಬ ಏರ್ಪಾಡು ನಿಂತಿರುವುದು ಒಂದು ಊಹೆಯ ಮೇಲೆ: ಒಂದು ಮಗುವಿಗೆ ಒಂದು ಫೋನು, ಒಂದು ಖಾತೆ, ಅದರ ಬೆನ್ನಿಗೆ ಇಂಗ್ಲಿಷ್ ಓದಬಲ್ಲ, ಸೆಟ್ಟಿಂಗ್ಸ್ ಬಲ್ಲ, ಸಂಜೆ ಮನೆಯಲ್ಲಿರುವ ಪಾಲಕರು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇದಾವುದೂ ಖಾತರಿ ಇಲ್ಲ. ಫೋನು ಮನೆಯದು. ಫೋನಿನ ವಿಷಯದಲ್ಲಿ ಬಲ್ಲವನು ಮಗ, ಕೇಳುವವನು ಅಪ್ಪ. ಸುಗ್ಗಿಯಲ್ಲಿ ತಂದೆ-ತಾಯಿ ನಸುಕಿಗೇ ಹೊಲಕ್ಕೆ ಹೋದರೆ ಮನೆಯಲ್ಲಿ ಅಜ್ಜಿ, ಮಕ್ಕಳು ಮತ್ತು ಫೋನು.

ಎಲ್ಲ ಆಟವೂ ಪ್ಲೇ ಸ್ಟೋರಿನಿಂದ ಬರುವುದಿಲ್ಲ ಎಂಬುದು ಇನ್ನೊಂದು ತೊಡಕು. ಆ್ಯಪ್ ಅಳವಡಿಸುವ ಎಪಿಕೆ ಕಡತಗಳು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ, ವಾಟ್ಸ್‌ಆ್ಯಪ್ ಗುಂಪಿನಿಂದ ಗುಂಪಿಗೆ ಹರಿದಾಡುತ್ತವೆ. ಹೀಗೆ ಬಂದದ್ದಕ್ಕೆ ಅಂಕಿಯೂ ಇಲ್ಲ, ತಯಾರಕರ ಪತ್ತೆಯೂ ಇಲ್ಲ. ನಿಷೇಧವಾದ ಆಟಗಳೂ ಇದೇ ಹಾದಿಯಲ್ಲಿ ಜೀವ ಹಿಡಿದಿರುತ್ತವೆ.

ಹಾಗೆಂದು ವಯಸ್ಸಿಗೆ ತಕ್ಕ ಆಟ ಎಂಬ ವಿವೇಕ ನಮ್ಮ ಊರುಗಳಿಗೆ ಗೊತ್ತಿಲ್ಲದ್ದಲ್ಲ. ಬುಗುರಿ, ಗೋಲಿ, ಚಿನ್ನಿದಾಂಡು ಹುಡುಗರಿಗೆ. ಗರಡಿಮನೆಯಲ್ಲಿ ಉಸ್ತಾದರು ಮೈಕಟ್ಟು ನೋಡಿ ಜೋಡಿ ಹಾಕುತ್ತಿದ್ದರು. ಹಿರಿಯರು ಇಸ್ಪೀಟು ಹಾಕಿದ ಕಡೆ ಸಣ್ಣವರು ಸುಳಿದರೆ ಗದರಿ ಓಡಿಸುತ್ತಿದ್ದರು. ಗೆರೆ ಎಳೆಯುತ್ತಿದ್ದವರು ಕಣ್ಣೆದುರಿಗಿದ್ದರು, ಆಟವೂ ಎಲ್ಲರ ಕಣ್ಣೆದುರಿಗಿತ್ತು. ಈಗ ಆಟ ಅಂಗೈಯೊಳಗೆ, ಗೆರೆ ಎಳೆಯುವವರು ಸಾವಿರಾರು ಮೈಲಿ ದೂರ. ಊರಿನ ಕಣ್ಣಿಗೆ ಆಟ ಮತ್ತೆ ಕಾಣುವಂತೆ ಮಾಡುವುದೇ ಒಳ್ಳೆಯ ರೇಟಿಂಗಿನ ಕೆಲಸ.

ಎರಡು ಆಕ್ಷೇಪಗಳು

‘ಮಕ್ಕಳಿಗೆ ಗೇಮೇ ಬೇಡ, ಎಲ್ಲ ಬಂದ್ ಮಾಡಿ’ ಎನ್ನುವವರಿದ್ದಾರೆ. ದಕ್ಷಿಣ ಕೊರಿಯಾ 2011ರಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ 16ರೊಳಗಿನವರಿಗೆ ಆನ್‌ಲೈನ್ ಆಟ ನಿಲ್ಲಿಸುವ ಕಾನೂನು ತಂದಿತ್ತು. ಮಕ್ಕಳು ದೊಡ್ಡವರ ಗುರುತಿನ ಸಂಖ್ಯೆ ಬಳಸಿದರು, ಕಾಲಕ್ರಮದಲ್ಲಿ ಮೊಬೈಲಿಗೆ ಹೊರಳಿದರು. ಹತ್ತು ವರ್ಷದ ನಂತರ ಸರ್ಕಾರವೇ ಅದನ್ನು ಕೈಬಿಟ್ಟಿತು. ಚೀನಾ 2021ರಿಂದ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾ ದಿನ ರಾತ್ರಿ ಒಂದೇ ತಾಸು ಬಿಟ್ಟಿದೆ. ಅದಕ್ಕೆ ಬೇಕಾದ ಗುರುತು ಪರೀಕ್ಷೆಯ ಬಿಗಿ ಪ್ರಜಾಪ್ರಭುತ್ವಕ್ಕೆ ಹೊಂದುವಂಥದ್ದಲ್ಲ. ಮೇಲಾಗಿ ಎಲ್ಲ ಗೇಮೂ ಕೆಟ್ಟದ್ದಲ್ಲ. ಗೇಮಿಂಗ್ ಮತ್ತು ಅನಿಮೇಷನ್ ಉದ್ಯಮ ಬೆಳೆಸಲು ಕರ್ನಾಟಕವೇ 2024–29ರ ಎವಿಜಿಸಿ ನೀತಿ ಹೊರಡಿಸಿದೆ. ಕಲಘಟಗಿಯ ಹುಡುಗಿ ನಾಳೆ ಒಂದು ಒಳ್ಳೆಯ ಕನ್ನಡ ಗೇಮ್ ಮಾಡಬೇಕಾದರೆ ಇಂದು ಒಳ್ಳೆಯ ಗೇಮ್‌ಗಳನ್ನು ಆಡಿರಬೇಕು.

‘ಇದು ಪಾಲಕರ ಹೊಣೆ, ಸರ್ಕಾರಕ್ಕೇನು ಕೆಲಸ’ ಎನ್ನುವವರೂ ಇದ್ದಾರೆ. ಹೊಣೆ ಪಾಲಕರದೇ, ಒಪ್ಪುತ್ತೇನೆ. ಆದರೆ ಹೊಣೆ ಹೊರಿಸುವ ಮೊದಲು ಅವರ ಕೈಗೆ ಉಪಕರಣ ಕೊಡಬೇಕು. ಔಷಧದ ಬಾಟಲಿಗೆ ಅವಧಿ ಮುಗಿಯುವ ದಿನಾಂಕ ಬರೆಯದೆ, ನೋಡಿ ಕುಡಿಯುವುದು ರೋಗಿಯ ಹೊಣೆ ಎನ್ನಲಾಗದು.

ಏನು ಬದಲಾಗಬೇಕು?

ಒಂದು, ಅಂಕಿ ಕೊಡುವ ಅಧಿಕಾರ ದೇಶದೊಳಗೆ ಬರಬೇಕು. 2025ರ ಕಾಯ್ದೆ ಒಂದು ಗೇಮಿಂಗ್ ಪ್ರಾಧಿಕಾರಕ್ಕೆ ಅವಕಾಶ ಮಾಡಿದೆ. ಹಣದ ಆಟ ಯಾವುದು ಎಂದು ತೀರ್ಮಾನಿಸುವಷ್ಟಕ್ಕೇ ಅದು ನಿಲ್ಲದೆ, ಮಕ್ಕಳು ಹೆಚ್ಚು ಆಡುವ ಗೇಮ್‌ಗಳನ್ನು ಆರಿಸಿ ನಿಜವಾಗಿ ಆಡಿ ನೋಡಬೇಕು. ಕಂಪನಿ ತುಂಬಿದ ಪ್ರಶ್ನಾವಳಿ ಸುಳ್ಳಾಗಿದ್ದರೆ ದಂಡ ಹಾಕಬೇಕು. ಮಕ್ಕಳ ಮನೋವೈದ್ಯರು, ಶಿಕ್ಷಕರು, ಹಳ್ಳಿಯ ಪಾಲಕರು ಅದರ ಸಲಹಾ ಸಮಿತಿಯಲ್ಲಿರಬೇಕು.

ಎರಡು, ದುಡ್ಡು, ಚಾಟ್ ಮತ್ತು ಹೊತ್ತು ಅಂಕಿಯೊಳಗೆ ಸೇರಬೇಕು. ದುಡ್ಡಿನ ಲೂಟ್ ಬಾಕ್ಸ್ ಇರುವ ಯಾವ ಆಟಕ್ಕೂ 16ಕ್ಕಿಂತ ಕಡಿಮೆ ಅಂಕಿ ಸಿಗಬಾರದು. ಅಪರಿಚಿತರೊಡನೆ ತೆರೆದ ಧ್ವನಿ ಮಾತುಕತೆ ಇದ್ದರೆ 13ಕ್ಕಿಂತ ಕಡಿಮೆ ಸಿಗಬಾರದು.

ಮೂರು, ಸಿನಿಮಾ, ಒಟಿಟಿ, ಗೇಮ್ ಮೂರಕ್ಕೂ ಒಂದೇ ಮೆಟ್ಟಿಲು ಇರಲಿ. 7, 13, 16, 18 ಎಂಬುದು ಜನರಿಗೆ ಒಮ್ಮೆ ರೂಢಿಯಾದರೆ ಸಾಕು, ಎಲ್ಲೆಡೆ ಗುರುತು ಹಿಡಿಯುತ್ತಾರೆ.

ನಾಲ್ಕು, ಸೂಚನೆ ಕನ್ನಡದಲ್ಲಿರಬೇಕು, ಕಿವಿಗೂ ಬೀಳಬೇಕು. ಆಟ ಇಳಿಸಿಕೊಳ್ಳುವಾಗ ‘ಈ ಆಟದಲ್ಲಿ ರೊಕ್ಕ ಕೊಟ್ಟು ಅದೃಷ್ಟದ ಪೆಟ್ಟಿಗೆ ಕೊಳ್ಳುವುದಿದೆ, 16 ವರ್ಷ ತುಂಬಿದವರಿಗೆ ಮಾತ್ರ’ ಎಂದು ಫೋನೇ ಹೇಳಲಿ. ಓದು ಬಾರದ ಅಜ್ಜಿಗೂ ಅದು ತಿಳಿಯುತ್ತದೆ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು. ಫೋನು ಮನೆಯವರೆಲ್ಲರದು ಎಂದು ಒಪ್ಪಿಕೊಂಡೇ ನಿಯಮ ಬರೆಯಬೇಕು. ಖಾತೆ ಯಾರದೇ ಇರಲಿ, ಆಟದೊಳಗಿನ ಖರೀದಿ ಮತ್ತು ಅಪರಿಚಿತರ ಚಾಟ್ ಮೊದಲಿಗೆ ಮುಚ್ಚಿಯೇ ಇರಬೇಕು. ಬೇಕಾದ ದೊಡ್ಡವರು ತೆರೆದುಕೊಳ್ಳಲಿ. ಖರ್ಚಿನ ಮಿತಿ ದಿನಕ್ಕೆ ಸಾವಿರಗಳಲ್ಲಿ ಇರದೆ ತಿಂಗಳಿಗೆ ನೂರುಗಳಲ್ಲಿ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ಮಾಹಿತಿ ಬಳಸಲು ಪಾಲಕರ ದೃಢಪಡಿಸಿದ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಬೆನ್ನುಹತ್ತುವ ಜಾಹೀರಾತನ್ನು ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಆ ಒಪ್ಪಿಗೆ ಮಗನೇ ಒತ್ತಿಬಿಡುವ ಒಟಿಪಿ ಆಗಿ ಉಳಿಯದಂತೆ ನೋಡಿಕೊಳ್ಳಲು ಈಗಲೇ ಸರಿಯಾದ ಸಮಯ.

ಊರು ಕಾಯಬೇಕಿಲ್ಲ

ದೆಹಲಿಯಲ್ಲಿ ನಿಯಮ ಬರುವವರೆಗೆ ಊರು ಸುಮ್ಮನೆ ಕೂಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಸುತ್ತವೆ. ಅಲ್ಲಿ ಶೌಚಾಲಯ, ಬಸ್ಸು, ಆಟದ ಮೈದಾನದ ಜತೆ ಮೊಬೈಲ್ ಗೇಮಿನ ವಿಷಯವನ್ನೂ ಮಕ್ಕಳ ಬಾಯಿಂದಲೇ ಕೇಳಲಿ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ಸಂಜೆ ಪಾಲಕರಿಗೆ ಫೋನಿನ ಸೆಟ್ಟಿಂಗ್ಸ್ ತೋರಿಸಲಿ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಇದೊಂದು ವಿಷಯವಾಗಲಿ.

ಮನೆಯಲ್ಲಿ ಇಂದೇ ಮಾಡಬಹುದಾದದ್ದು ಇಷ್ಟು. ಪ್ಲೇ ಸ್ಟೋರಿನ ಮೇಲ್ಮೂಲೆಯ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್ ತೆರೆದು ಪಿನ್ ಹಾಕಿ, ವಯಸ್ಸಿನ ಮಿತಿ ಆರಿಸಿ. ಪ್ರತಿ ಖರೀದಿಗೂ ಗುರುತು ಕೇಳುವಂತೆ ಮಾಡಿ. ಯುಪಿಐ ಪಿನ್ ಬದಲಿಸಿ. ಮಗ ಆಡುವ ಆಟವನ್ನು ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ, ಅವನ ಜತೆಗಾರರು ಯಾರೆಂದು ಕೇಳಿ. ಊಟ, ನಿದ್ದೆ, ಶಾಲೆ ಬಿಟ್ಟು ತಿಂಗಳುಗಟ್ಟಲೆ ಆಟಕ್ಕೇ ಅಂಟಿದ್ದರೆ ಹೊಡೆಯಬೇಡಿ, ಫೋನು ಒಡೆಯಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ಇಲ್ಲವೇ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಖಾತೆಯಿಂದ ಮೋಸದಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ದೂರು ಕೊಡಿ.

ಏಜ್ ರೇಟಿಂಗ್ ಬೇಕು. ಈಗಿರುವುದು ಸಾಲದು. ಮೂವತ್ತು ವರ್ಷದ ಹಿಂದೆ ಬೇರೊಂದು ದೇಶದ ಬೇರೊಂದು ಭಯಕ್ಕೆ ಎಳೆದ ಗೆರೆಯನ್ನು ನಮ್ಮ ಮಕ್ಕಳ ಇಂದಿನ ಬದುಕಿಗೆ ತಕ್ಕಂತೆ ಮತ್ತೆ ಎಳೆಯಬೇಕು. ಧಾರವಾಡ ಜಿಲ್ಲೆಯ ಶಾಸಕರು, ಸಂಸದರು ಈ ಮಾತನ್ನು ವಿಧಾನಸಭೆ ಮತ್ತು ಸಂಸತ್ತಿಗೆ ಒಯ್ಯಲಿ. ಈ ಸಲದ ಮಕ್ಕಳ ಗ್ರಾಮ ಸಭೆಯಲ್ಲಿ ಅದಕ್ಕೊಂದು ಠರಾವು ಬರೆಸುವ ಕೆಲಸವನ್ನು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಪಾಲಕರು ಶುರು ಮಾಡಲಿ.